ಕೇಳದ ಸಾಲ ತೀರಿಸಬೇಕಾ? ಪೇಡೇ ಲೋನ್ ಮೋಸದ ನೂರು ವರ್ಷದ ಕತೆ

ಈ ಸಲದ ವಿಷಯ ಶುರುವಾಗಿದ್ದು ಒಂದು ಪ್ರಶ್ನೆಯಿಂದ. ನಾನಿರೋದು ಹೈದರಾಬಾದಿನಲ್ಲಿ. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಯಾದಗಿರಿ ಕಡೆಯ ಹುಡುಗ ಒಬ್ಬ ಇದ್ದಾನೆ. ಕನ್ನಡ ಮಾತಾಡೋಕೆ ಒಬ್ಬರು ಸಿಕ್ಕಿದ್ರಲ್ಲ ಅಂತ ನನ್ನ ಹತ್ರ ಸ್ವಲ್ಪ ಸಲುಗೆ. ಒಂದು ದಿನ ಚಹಾ ಕೊಡುವಾಗ ಫೋನ್ ಮುಂದೆ ಹಿಡಿದ. ಅವನ ಬ್ಯಾಂಕ್ ಖಾತೆಗೆ 1,800 ರೂಪಾಯಿ ಜಮಾ ಆಗಿತ್ತು. ಯಾರು ಹಾಕಿದ್ದು ಅಂತ ಗೊತ್ತಿಲ್ಲ. ಆರನೇ ದಿನದಿಂದ ಕರೆ ಶುರು: 3,000 ಕಟ್ಟು, ಇಲ್ಲಾಂದ್ರೆ ನಿನ್ನ ಫೋನಿನಲ್ಲಿರೋ ಎಲ್ಲರಿಗೂ ಮೆಸೇಜ್ ಹೋಗುತ್ತೆ. ಅವನು ಮಾಡಿದ ತಪ್ಪು ಇಷ್ಟೇ. ತಿಂಗಳ ಹಿಂದೆ ಒಂದು ಸಾಲದ ಆ್ಯಪ್ ಹಾಕಿಕೊಂಡು, ವಿವರ ತುಂಬಿ, ಯಾಕೋ ಬೇಡ ಅನ್ನಿಸಿ ಅಳಿಸಿಬಿಟ್ಟಿದ್ದ.

“ಅಣ್ಣಾ, ನಾ ಸಾಲಾನ ತಗೊಂಡಿಲ್ರಿ. ಕೇಳದ ಸಾಲ ತೀರಸ್ಬೇಕೇನ್ರಿ?”

ಊರಿನಲ್ಲಿ ತಂಗಿಯ ಮದುವೆ ಮಾತುಕತೆ ನಡೀತಿತ್ತು. ಬೀಗರ ಕಡೆಗೆ ಇಂಥ ಮೆಸೇಜ್ ಹೋದ್ರೆ ಗತಿ ಏನು ಅಂತ ಅವನಿಗೆ ಭಯ. 3,000 ಕಟ್ಟಿಬಿಡೋಣ ಅಂತ ಮನಸ್ಸು ಮಾಡಿದ್ದ. ಪಾವತಿ ವ್ಯವಸ್ಥೆಗಳ ಸಾಫ್ಟ್‌ವೇರ್ ಬರೆಯೋದೇ ನನ್ನ ಕೆಲಸ. ಆದರೂ ಆ ಕ್ಷಣಕ್ಕೆ ನನ್ನ ಹತ್ರ ಸರಿಯಾದ ಉತ್ತರ ಇರಲಿಲ್ಲ. ಹುಡುಕ್ತಾ ಹೋದಾಗ ತಿಳೀತು, ಈ ಪ್ರಶ್ನೆ ಅಮೆರಿಕದಲ್ಲಿ ಲಕ್ಷಾಂತರ ಜನ ಕೇಳಿದ ಪ್ರಶ್ನೆ, ಅದಕ್ಕೊಂದು ಉದ್ದ ಇತಿಹಾಸ ಇದೆ ಅಂತ. ಹಾಗಾಗಿ ಮೊದಲು ಅಲ್ಲಿಗೆ ಹೋಗಿ ಬರೋಣ.

19ನೇ ಶತಮಾನದ ಕೊನೆ. ಷಿಕಾಗೋ, ನ್ಯೂಯಾರ್ಕ್‌ನಂಥ ಊರುಗಳಲ್ಲಿ ರೈಲ್ವೆ ಗುಮಾಸ್ತರು, ಕಾರ್ಖಾನೆ ಕಾರ್ಮಿಕರು ಸಂಬಳದ ಮೇಲೆ ಬದುಕ್ತಾ ಇದ್ದರು. ಬ್ಯಾಂಕುಗಳು ಇವರಿಗೆ ಸಾಲ ಕೊಡ್ತಿರಲಿಲ್ಲ. ಆ ಜಾಗಕ್ಕೆ ಬಂದವರು ‘ಸಂಬಳ ಖರೀದಿದಾರರು’. ಹೆಸರು ನೋಡಿ! ಬಡ್ಡಿಗೆ ಮಿತಿ ಹಾಕೋ ಕಾನೂನು ಇತ್ತಲ್ಲ, ಅದರಿಂದ ತಪ್ಪಿಸಿಕೊಳ್ಳೋಕೆ ಇವರು ಹೇಳಿದ್ದು, “ನಾವು ಸಾಲ ಕೊಡ್ತಿಲ್ಲ, ನಿಮ್ಮ ಮುಂದಿನ ಸಂಬಳವನ್ನು ಇವತ್ತೇ ಕೊಂಡುಕೊಳ್ತಿದ್ದೇವೆ” ಅಂತ. ಇವತ್ತು 5 ಡಾಲರ್ ತಗೊಂಡ್ರೆ ಸಂಬಳದ ದಿನ 6 ಡಾಲರ್. ಒಂದು ವಾರಕ್ಕೆ ನೂರಕ್ಕೆ ಇಪ್ಪತ್ತು.

ಇವರ ಕೈಯಲ್ಲಿದ್ದ ಆಯುಧ ಮರ್ಯಾದೆ. ಸಂಬಳ ವಹಿಸಿಕೊಡೋ ಕಾಗದಕ್ಕೆ ಮೊದಲೇ ಸಹಿ ಹಾಕಿಸಿಕೊಂಡಿರ್ತಿದ್ದರು. ಕಟ್ಟದಿದ್ರೆ ಆ ಕಾಗದ ನೇರ ಮಾಲೀಕನ ಮೇಜಿಗೆ. ಸಾಲ ಮಾಡಿದವನನ್ನು ಕೆಲಸದಿಂದ ತೆಗೆಯೋ ಕಂಪನಿಗಳು ಆಗ ಇದ್ದವು. ಇನ್ನೂ ಒಂದು ಉಪಾಯ ಇತ್ತು: ಕೂಲಿಗೆ ಹೆಂಗಸರನ್ನಿಟ್ಟು, ಸಾಲಗಾರನ ಆಫೀಸಿಗೇ ಕಳಿಸಿ, ಎಲ್ಲರ ಮುಂದೆ ಗಟ್ಟಿ ದನಿಯಲ್ಲಿ ಬೈಸೋದು. ಅದೊಂದು ಉದ್ಯೋಗವೇ ಆಗಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1907ರಲ್ಲಿ ಶುರುವಾದ ರಸೆಲ್ ಸೇಜ್ ಫೌಂಡೇಶನ್ ಈ ದಂಧೆಯ ಅಧ್ಯಯನ ಮಾಡಿಸಿ, 1916ರಲ್ಲಿ ಸಣ್ಣ ಸಾಲಗಳಿಗೆ ಒಂದು ಮಾದರಿ ಕಾನೂನು ತಯಾರಿಸಿತು. ಲೈಸೆನ್ಸ್ ಇರಬೇಕು, ತಿಂಗಳಿಗೆ ಬಡ್ಡಿ ಶೇ. 3.5 ಮೀರಬಾರದು. ಒಂದೊಂದೇ ರಾಜ್ಯ ಅದನ್ನು ಒಪ್ಪಿಕೊಂಡಿತು.

ಮುಂದಿನ ಅಧ್ಯಾಯ 1990ರ ದಶಕದ್ದು. 1993ರಲ್ಲಿ ಟೆನೆಸೀ ರಾಜ್ಯದ ಕ್ಲೀವ್‌ಲ್ಯಾಂಡ್ ಅನ್ನೋ ಸಣ್ಣ ಊರಲ್ಲಿ ಅಲನ್ ಜೋನ್ಸ್ ‘ಚೆಕ್ ಇಂಟು ಕ್ಯಾಶ್’ ಶುರು ಮಾಡಿದ. ಮುಂದೆ ಬೀದಿ ಬೀದಿಯಲ್ಲೂ ಪೇಡೇ ಲೋನ್ ಅಂಗಡಿಗಳು ಬಂದವು. ಮುಂದಿನ ಸಂಬಳದ ತಾರೀಖು ಹಾಕಿದ ಚೆಕ್ ಕೊಡಿ, ಇವತ್ತೇ ಹಣ ಒಯ್ಯಿರಿ. 100 ಡಾಲರಿಗೆ ಎರಡು ವಾರಕ್ಕೆ 15 ಡಾಲರ್ ಶುಲ್ಕ ಅಂದ್ರೆ ಕಡಿಮೆ ಅನ್ಸುತ್ತೆ. ವರ್ಷಕ್ಕೆ ಲೆಕ್ಕ ಹಾಕಿದ್ರೆ ಶೇ. 390 ದಾಟುತ್ತೆ. ಮಾಲೀಕನ ಮುಂದೆ ಮಾನ ಕಳೆಯೋ ಕಾಗದದ ಜಾಗಕ್ಕೆ ಈಗ ಚೆಕ್ ಬಂತು.

ಆಮೇಲೆ ಇಂಟರ್‌ನೆಟ್ ಬಂತು. ಚೆಕ್ ಹೋಗಿ ಅಕೌಂಟ್ ನಂಬರ್ ಬಂತು. ನಮ್ಮ ಕತೆಯ ತಿರುವು ಇಲ್ಲೇ ಇರೋದು, ಹಾಗಾಗಿ ಎಂಜಿನಿಯರ್ ಆಗಿ ಸ್ವಲ್ಪ ವಿವರವಾಗಿ ಹೇಳ್ತೀನಿ.

ಅಮೆರಿಕದಲ್ಲಿ ಬ್ಯಾಂಕಿಂದ ಬ್ಯಾಂಕಿಗೆ ಹಣ ಹೋಗೋ ಹಳೆಯ ಜಾಲಕ್ಕೆ ಎಸಿಎಚ್ ಅಂತಾರೆ. 1970ರ ದಶಕದಲ್ಲಿ ಕಟ್ಟಿದ್ದು. ಅದರಲ್ಲಿ ಹಣವನ್ನು ‘ತಳ್ಳಬಹುದು’, ‘ಎಳೆಯಲೂಬಹುದು’. ಎಳೆಯೋಕೆ ಬೇಕಾದ್ದು ನಿಮ್ಮ ಅಕೌಂಟ್ ನಂಬರ್ ಮತ್ತು ಬ್ಯಾಂಕಿನ ರೂಟಿಂಗ್ ನಂಬರ್. “ಗ್ರಾಹಕರ ಅನುಮತಿ ನನ್ನ ಹತ್ರ ಇದೆ” ಅಂತ ಎಳೆಯೋನೇ ಹೇಳ್ತಾನೆ. ನಿಮ್ಮ ಬ್ಯಾಂಕು “ನೀವು ಒಪ್ಪಿದ್ದೀರಾ?” ಅಂತ ನಿಮ್ಮನ್ನು ಕೇಳೋದಿಲ್ಲ, ನಂಬಿ ಹಣ ಕೊಡುತ್ತೆ. ತಪ್ಪಾಗಿದ್ರೆ ಆಮೇಲೆ ದೂರು ಕೊಡಿ ಅನ್ನೋದು ವ್ಯವಸ್ಥೆ. ಸಂಬಳ, ಕರೆಂಟ್ ಬಿಲ್‌ಗೆ ಇದು ಚೆನ್ನಾಗೇ ನಡೀತು. ಕಳ್ಳನಿಗೆ ಮಾತ್ರ ತೆರೆದ ಬಾಗಿಲಾಯ್ತು.

ಸಾಲ ಹುಡುಕ್ತಾ ಜನ ವೆಬ್‌ಸೈಟುಗಳಲ್ಲಿ ವಿವರ ತುಂಬ್ತಿದ್ದರು. ಆ ಸೈಟುಗಳಲ್ಲಿ ಎಷ್ಟೋ ಸಾಲ ಕೊಡೋವೇ ಅಲ್ಲ. ಅರ್ಜಿಗಳನ್ನು ಮಾರೋ ದಲ್ಲಾಳಿಗಳು. ಕ್ಯಾನ್ಸಸ್ ಸಿಟಿಯ ಸುತ್ತಮುತ್ತಲ ಕೆಲವರು ಈ ಅರ್ಜಿಗಳನ್ನು ಕೊಂಡರು. ಅರ್ಜಿದಾರ ಒಪ್ಪದಿದ್ರೂ ಅವನ ಖಾತೆಗೆ 200 ಅಥವಾ 300 ಡಾಲರ್ ಹಾಕಿದರು. ಆಮೇಲೆ ಎರಡು ವಾರಕ್ಕೊಮ್ಮೆ 60ರಿಂದ 90 ಡಾಲರ್ ‘ಹಣಕಾಸು ಶುಲ್ಕ’ ಎಳೆಯೋಕೆ ಶುರು. ಅಸಲಿಗೆ ಒಂದು ಸೆಂಟೂ ಜಮಾ ಆಗ್ತಿರಲಿಲ್ಲ. ಹಾಗಾಗಿ ಕೊನೆಯೇ ಇಲ್ಲ. ಯಾರಾದ್ರೂ ಬ್ಯಾಂಕಿಗೆ ದೂರು ಕೊಟ್ರೆ, ಇವರು ಸುಳ್ಳು ಸಾಲಪತ್ರ ತೋರಿಸ್ತಿದ್ದರು. ಖಾತೆಯನ್ನೇ ಮುಚ್ಚಿದ್ರೆ? ಆ ‘ಸಾಲ’ವನ್ನು ವಸೂಲಿ ಕಂಪನಿಗೆ ಮಾರ್ತಿದ್ದರು.

2014ರ ಸೆಪ್ಟೆಂಬರ್‌ನಲ್ಲಿ ಇಂಥ ಎರಡು ಜಾಲಗಳ ಮೇಲೆ ಕೇಂದ್ರ ಸಂಸ್ಥೆಗಳು ಕೋರ್ಟಿಗೆ ಹೋದವು. ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ ಹಿಡಿದದ್ದು ‘ಹೈಡ್ರಾ ಗ್ರೂಪ್’. ಸುಮಾರು 20 ಕಂಪನಿಗಳ ಗೋಜಲು, ಕೆಲವು ನ್ಯೂಜಿಲೆಂಡಿನಲ್ಲಿ, ಕೆಲವು ಸೇಂಟ್ ಕಿಟ್ಸ್ ದ್ವೀಪದಲ್ಲಿ ನೋಂದಾಯಿಸಿದ್ದು. ದೂರಿನ ಪ್ರಕಾರ 15 ತಿಂಗಳಲ್ಲಿ ಇವರು ಹಾಕಿದ್ದು 9.73 ಕೋಟಿ ಡಾಲರ್, ಎಳೆದದ್ದು 11.54 ಕೋಟಿ. ಇನ್ನೊಂದು ಜಾಲದ ಮೇಲೆ ಫೆಡರಲ್ ಟ್ರೇಡ್ ಕಮಿಷನ್, ಅಂದ್ರೆ ಎಫ್‌ಟಿಸಿ, ಹೇಳಿದ್ದು: 11 ತಿಂಗಳಲ್ಲಿ 2.8 ಕೋಟಿ ಹಾಕಿ 4.65 ಕೋಟಿ ಡಾಲರ್ ಎಳೆದರು. ಹೈಡ್ರಾದ ರಿಚರ್ಡ್ ಮೋಸ್ಲಿಗೆ 2018ರಲ್ಲಿ 10 ವರ್ಷ ಜೈಲಾಯ್ತು.

ಅದೇ ಪ್ರದೇಶದ ಸ್ಕಾಟ್ ಟಕರ್, ಹವ್ಯಾಸಕ್ಕೆ ರೇಸ್ ಕಾರ್ ಓಡಿಸ್ತಿದ್ದ ಸಾಲಗಾರ ಕಂಪನಿಗಳ ಒಡೆಯ, ಇನ್ನೂ ದೊಡ್ಡ ಕುಳ. ಅವನ ಗಿರಾಕಿಗಳು ಸಾಲ ಕೇಳಿದ್ದು ನಿಜ. 300 ಡಾಲರಿಗೆ ಒಟ್ಟು 390 ಕಟ್ಟಿದ್ರೆ ಸಾಕು ಅಂತ ಕಾಗದದಲ್ಲಿತ್ತು. ಸಾಲ ತನ್ನಷ್ಟಕ್ಕೆ ನವೀಕರಣ ಆಗ್ತಾ ಹೋಗಿ ಖಾತೆಯಿಂದ ಹೋಗ್ತಿದ್ದದ್ದು 975. ಅವನಿಗೆ 2018ರಲ್ಲಿ 16 ವರ್ಷ 8 ತಿಂಗಳು ಜೈಲು. ಆದರೆ ಕತೆ ಸುಖಾಂತ್ಯ ಅಲ್ಲ. ಎಫ್‌ಟಿಸಿ ಗೆದ್ದಿದ್ದ ಸುಮಾರು 127 ಕೋಟಿ ಡಾಲರಿನ ಆದೇಶದ ಬಗ್ಗೆ 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು, ಎಫ್‌ಟಿಸಿ ಬಳಸಿದ ಆ ಸೆಕ್ಷನ್ ಅಡಿ ಹಣ ವಾಪಸ್ ಕೊಡಿಸೋ ಅಧಿಕಾರ ಅದಕ್ಕೆ ಇಲ್ಲ ಅಂತ.

ಸ್ಕಾಟ್‌ನ ತಮ್ಮ ಜೋಯಲ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಸಾಲವೇ ಕೊಡದೆ, ಬರೀ ಅರ್ಜಿದಾರರ ಪಟ್ಟಿಯನ್ನು ‘ಬಾಕಿದಾರರ ಪಟ್ಟಿ’ ಅಂತ ವಸೂಲಿಯವರಿಗೆ ಮಾರಿದ. 2021ರಲ್ಲಿ ಅವನಿಗೆ 12 ವರ್ಷ 6 ತಿಂಗಳು.

ಇಲ್ಲಿ ನಮ್ಮ ದೇಶವೂ ಬರುತ್ತೆ. ಇಲ್ಲದ ಪೇಡೇ ಸಾಲಕ್ಕೆ “ಪೊಲೀಸರು ಬರ್ತಿದ್ದಾರೆ” ಅಂತ ಅಮೆರಿಕನ್ನರನ್ನು ಹೆದರಿಸಿದ ಜಾಲಗಳ ಮೇಲೆ ಎಫ್‌ಟಿಸಿ 2012ರಲ್ಲಿ ಕೇಸ್ ಹಾಕಿದಾಗ, ಆ ಕರೆಗಳು ಹೋಗಿದ್ದು ಭಾರತದ ಕಾಲ್ ಸೆಂಟರ್‌ಗಳಿಂದ. ಹೆದರಿಸೋ ವಿದ್ಯೆಯನ್ನು ನಮ್ಮವರು ಮೊದಲು ಕಲಿತದ್ದು ಹೊರಗಿನವರ ಮೇಲೆ ಅಂದ್ರೂ ತಪ್ಪಾಗಲಿಕ್ಕಿಲ್ಲ.

ಹಾಗಾದ್ರೆ ಅಲ್ಲಿ ಹಣ ಕಳಕೊಂಡವರು ಏನು ಮಾಡಬೇಕಿತ್ತು? ಕಾನೂನು 1978ರಿಂದಲೇ ಇದೆ. ನಿಮ್ಮ ಅನುಮತಿ ಇಲ್ಲದೆ ಹೋದ ಹಣದ ಬಗ್ಗೆ, ಸ್ಟೇಟ್‌ಮೆಂಟ್ ಕಳಿಸಿದ 60 ದಿನದೊಳಗೆ ಬ್ಯಾಂಕಿಗೆ ಹೇಳಬೇಕು. ಬ್ಯಾಂಕು ಸಾಮಾನ್ಯವಾಗಿ 10 ಕೆಲಸದ ದಿನಗಳಲ್ಲಿ ತನಿಖೆ ಮುಗಿಸಬೇಕು, ಆಗದಿದ್ರೆ ತಾತ್ಕಾಲಿಕವಾಗಿ ಹಣ ವಾಪಸ್ ಹಾಕಿ ಮುಂದುವರಿಸಬೇಕು. ಮುಂದಿನ ಕಂತು ತಡೆಯೋಕೆ ಮೂರು ಕೆಲಸದ ದಿನ ಮೊದಲೇ ತಿಳಿಸಬೇಕು. ಸಾಲ ಕೊಟ್ಟವನ ಜೊತೆ ಜಗಳ ಮಾಡೋದಕ್ಕಿಂತ ಬ್ಯಾಂಕಿಗೆ ತಾರೀಖಿನೊಳಗೆ ಬರೆದು ಕೊಡೋದು ಮುಖ್ಯ.

ನಮ್ಮಲ್ಲಿ ಬಾಗಿಲು ಬೇರೆ ರೀತಿ. ಯುಪಿಐನಲ್ಲಿ ಸಾಮಾನ್ಯವಾಗಿ ಪಿನ್ ಹಾಕಿ ನೀವೇ ಹಣ ತಳ್ಳಬೇಕು. ಕಂತು ಎಳೆಯೋಕೆ ನ್ಯಾಚ್ ಅಥವಾ ಆಟೋಪೇ ಮ್ಯಾಂಡೇಟಿಗೆ ನೀವು ಮೊದಲು ಒಪ್ಪಿಗೆ ದಾಖಲಿಸಬೇಕು. ಬರೀ ಅಕೌಂಟ್ ನಂಬರ್ ಇಟ್ಟುಕೊಂಡು ಎಳೆಯೋದು ಸುಲಭ ಅಲ್ಲ. ಹಾಗಾಗಿ ಇಲ್ಲಿನ ಮೋಸಗಾರ ಖಾತೆಯನ್ನು ಬಿಟ್ಟು ಕಾಂಟ್ಯಾಕ್ಟ್ ಲಿಸ್ಟ್ ಹಿಡಿದ. ಹಳೆಯ ಷಿಕಾಗೋದಲ್ಲಿ ಆಫೀಸಿಗೆ ಬಂದು ಬೈತಿದ್ದ ಆ ಹೆಂಗಸರು ನೆನಪಿದ್ದಾರಾ? ಅದೇ ಕೆಲಸವನ್ನು ಈಗ ವಾಟ್ಸಾಪ್ ಮಾಡ್ತಿದೆ.

2020ರ ಲಾಕ್‌ಡೌನ್‌ನಲ್ಲಿ ಏಳು ದಿನದ ಸಾಲದ ಆ್ಯಪ್‌ಗಳು ಹಬ್ಬಿದವು. ಕಿರುಕುಳ ತಾಳಲಾರದೆ ತೆಲಂಗಾಣದಲ್ಲಿ ಕೆಲವರು ಜೀವ ಕಳಕೊಂಡ ಮೇಲೆ, ಆ ಡಿಸೆಂಬರ್‌ನಲ್ಲಿ ಇಲ್ಲಿನ ಪೊಲೀಸರು ಕಾಲ್ ಸೆಂಟರ್‌ಗಳ ಮೇಲೆ ದಾಳಿ ಮಾಡಿ ಹಲವರನ್ನು ಬಂಧಿಸಿದರು. 2021ರಲ್ಲಿ ರಿಸರ್ವ್ ಬ್ಯಾಂಕಿನ ಕಾರ್ಯತಂಡ ಎಣಿಸಿದಾಗ ಸುಮಾರು 1,100 ಸಾಲದ ಆ್ಯಪ್‌ಗಳಲ್ಲಿ 600 ಅಕ್ರಮ. 2022ರ ಸೆಪ್ಟೆಂಬರ್‌ನಲ್ಲಿ ನಿಯಮ ಬಂತು: ಆ್ಯಪ್ ನಿಮ್ಮ ಕಾಂಟ್ಯಾಕ್ಟ್‌ಗಳನ್ನು ನೋಡುವಂತಿಲ್ಲ, ವಾರ್ಷಿಕ ದರ ಮೊದಲೇ ಹೇಳಬೇಕು, ಹಣ ನಡುವಿನ ಯಾರದೋ ಖಾತೆಗೆ ಹೋಗದೆ ನೇರ ಸಾಲ ಕೊಟ್ಟ ಸಂಸ್ಥೆಗೇ ಹೋಗಬೇಕು.

ಅನುಮತಿ ಇಲ್ಲದೆ ಖಾತೆಯಿಂದ ಹಣ ಹೋದ್ರೆ ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ದಾರಿ ತೋರಿಸಿತು. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅಂದಾಗ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನದೊಳಗೆ ತಿಳಿಸಿದ್ರೆ ನಿಮ್ಮ ಹೊಣೆ ಸೊನ್ನೆ. 4ರಿಂದ 7 ದಿನ ಆದ್ರೆ ಮಿತ ಹೊಣೆ. ಗ್ರಾಹಕನ ಹೊಣೆ ಸಾಬೀತು ಮಾಡಬೇಕಾದ್ದು ಬ್ಯಾಂಕು. ಆದರೆ ಒಟಿಪಿ ನೀವೇ ಹೇಳಿಕೊಟ್ಟಿದ್ರೆ, ತಿಳಿಸೋವರೆಗಿನ ನಷ್ಟ ನಿಮ್ಮದೇ. ತಡ ಮಾಡಿದಷ್ಟೂ ನಷ್ಟ.

ನಮ್ಮ ಹುಡುಗನ ವಿಷಯಕ್ಕೆ ಬರೋಣ. 3,000 ಕಟ್ಟಲಿಲ್ಲ. 1,800 ಮುಟ್ಟದೆ ಖಾತೆಯಲ್ಲೇ ಬಿಡು ಅಂದೆ, ಯಾಕಂದ್ರೆ ಅದು ಅವನ ಹಣವೂ ಅಲ್ಲ. ‘ಈ ಹಣ ನಾನು ಕೇಳಿಲ್ಲ, ಕಳಿಸಿದವರಿಗೆ ವಾಪಸ್ ಕೊಡೋಕೆ ಸಿದ್ಧ’ ಅಂತ ಬ್ಯಾಂಕಿಗೆ ಬರೆದು ಕೊಟ್ಟು ಸೀಲ್ ಹಾಕಿಸಿಕೊಂಡ್ವಿ. ಅವನ ಹೆಸರಿನಲ್ಲಿ ಯಾವುದಾದ್ರೂ ಮ್ಯಾಂಡೇಟ್ ಇದೆಯಾ ಅಂತ ನೋಡಿಸಿದ್ವಿ, ಇರಲಿಲ್ಲ. 1930ಕ್ಕೆ ಕರೆ ಮಾಡಿ ಸೈಬರ್ ದೂರು ದಾಖಲಿಸಿ, ಕರೆ ಬಂದ ನಂಬರ್‌ಗಳು, ಸ್ಕ್ರೀನ್‌ಶಾಟ್‌ಗಳು ಎಲ್ಲ ಕೊಟ್ವಿ.

ಎಲ್ಲಕ್ಕಿಂತ ಕಷ್ಟದ ಕೆಲಸ ಇನ್ನೊಂದಿತ್ತು. ಮೆಸೇಜ್ ಹೋಗೋ ಮೊದಲು ಅವನೇ ಊರಿಗೆ ಫೋನ್ ಮಾಡಿ ಹೇಳಬೇಕು. ಅರ್ಧ ಗಂಟೆ ಫೋನ್ ಕೈಯಲ್ಲೇ ಇಟ್ಟುಕೊಂಡು ಕೂತಿದ್ದ. ಕೊನೆಗೆ ಅಪ್ಪನಿಗೆ, ಸೋದರಮಾವನಿಗೆ, ಆಮೇಲೆ ಬೀಗರಿಗೂ ಹೇಳಿದ. ಎರಡು ದಿನದ ನಂತರ ಮೆಸೇಜ್‌ಗಳು ಹೋದವು, ಹನ್ನೊಂದು ಜನಕ್ಕೆ. ಬೀಗರು ಮಾಡಿದ ಫೋನಿನಲ್ಲಿ ಬಂದ ಮಾತು ಒಂದೇ: “ಬಂತಪ್ಪಾ ನೀ ಹೇಳಿದ್ದು, ನಾವೂ ಬ್ಲಾಕ್ ಮಾಡೀವಿ.” ಕರೆಗಳು ಮೂರು ವಾರ ಬಂದು ನಿಂತವು. ಮತ್ತೆ ಬರಲ್ಲ ಅಂತ ನಾನು ಹೇಳಲಾರೆ.

ಕೇಳದ ಸಾಲಕ್ಕೆ ಬಡ್ಡಿ ಇಲ್ಲ, ಶುಲ್ಕ ಇಲ್ಲ. ಒಪ್ಪಿಗೆ ಇಲ್ಲದೆ ಒಪ್ಪಂದ ಆಗಲ್ಲ ಅನ್ನೋದು ನಮ್ಮ 1872ರ ಕರಾರು ಕಾಯ್ದೆಯ ತಳಪಾಯ. ನೂರು ವರ್ಷದಲ್ಲಿ ಕಾಗದ, ಚೆಕ್, ಅಕೌಂಟ್ ನಂಬರ್, ಕಾಂಟ್ಯಾಕ್ಟ್ ಲಿಸ್ಟ್ ಅಂತ ಉಪಕರಣ ಬದಲಾಗಿದೆ. ಅದು ನಡೆಯೋದು ಮಾತ್ರ ನಾವು ನಾಚಿಕೆಗೆ ಸುಮ್ಮನಿರ್ತೀವಿ ಅನ್ನೋ ನಂಬಿಕೆ ಮೇಲೆ. ಪರ ಊರಿನಲ್ಲಿ ದುಡಿಯೋ ನಮ್ಮ ಹುಡುಗರಿಗೆ, ಮನೆಯವರಿಗೆ ಇಷ್ಟು ತಿಳಿಸಿ: ಬ್ಯಾಂಕಿಗೆ ಬೇಗ ಹೇಳಿ, ಮನೆಗೆ ಅದಕ್ಕಿಂತ ಬೇಗ ಹೇಳಿ.