ಪಾರ್ಕ್ ಗ್ರಾಸ್ ಪ್ರಯೋಗ

ಇಂಗ್ಲೆಂಡಿನ ಹಾರ್ಪೆಂಡೆನ್ ಬಳಿ, ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಹುಲ್ಲುಗಾವಲಿನಲ್ಲಿ 1856ರಿಂದ ನಡೆದುಬಂದಿರುವ ಗೊಬ್ಬರ ಪ್ರಯೋಗ. ನೆಲದ ಸಾರ ಹೆಚ್ಚಿದಂತೆ ಮೇವಿನ ಇಳುವರಿ ಏರುತ್ತದೆ, ಸಸ್ಯಪ್ರಭೇದಗಳು ಕಡಿಮೆಯಾಗುತ್ತವೆ ಎಂಬುದಕ್ಕೆ ಇದು ಬಹು ಹಳೆಯ ಸಾಕ್ಷಿ.

ಆರಂಭಿಸಿದವರು ಜಾನ್ ಬೆನೆಟ್ ಲಾಸ್ ಮತ್ತು ರಸಾಯನಶಾಸ್ತ್ರಜ್ಞ ಜೋಸೆಫ್ ಹೆನ್ರಿ ಗಿಲ್ಬರ್ಟ್. ಲಾಸ್ 1842ರಲ್ಲಿ ಸೂಪರ್‌ಫಾಸ್ಫೇಟ್ ತಯಾರಿಕೆಗೆ ಪೇಟೆಂಟ್ ಪಡೆದ ಜಮೀನ್ದಾರ. ಯಾವ ಗೊಬ್ಬರಕ್ಕೆ ಎಷ್ಟು ಒಣಹುಲ್ಲು ಎಂಬುದಷ್ಟೇ ಅವರಿಗೆ ಬೇಕಿದ್ದ ಲೆಕ್ಕ. ಸುಮಾರು 2.8 ಹೆಕ್ಟೇರು ನೆಲವನ್ನು ತಾಕುಗಳಾಗಿ ಹಂಚಿ ಒಂದಕ್ಕೆ ಸಾರಜನಕ, ಒಂದಕ್ಕೆ ರಂಜಕ ಮತ್ತು ಪೊಟ್ಯಾಷ್, ಇನ್ನೊಂದಕ್ಕೆ ಎಲ್ಲವನ್ನೂ ಕೊಟ್ಟು, ಕೆಲವನ್ನು ಹಾಗೇ ಬಿಟ್ಟರು. ಎರಡು ಮೂರು ವರ್ಷ ಕಳೆಯುವುದರೊಳಗೆ ಅಕ್ಕಪಕ್ಕದ ತಾಕುಗಳು ಗುರುತು ಸಿಗದಷ್ಟು ಬೇರೆಯಾದವು. ಅಲ್ಲಿಂದ ಮುಂದೆ ಹುಲ್ಲಿನ ಮಾದರಿಯನ್ನು ಎಳೆ ಎಳೆಯಾಗಿ ಬಿಡಿಸಿ, ಜಾತಿವಾರು ತೂಗುವ ಕೆಲಸವೂ ಸೇರಿಕೊಂಡಿತು. ಬೇಸರದ ಕೆಲಸವೇ, ಆದರೆ ಪ್ರಯೋಗದ ಇಂದಿನ ಬೆಲೆಯೆಲ್ಲ ಅದರಲ್ಲಿದೆ.

ಗೊಬ್ಬರ ಕಾಣದ ತಾಕುಗಳಲ್ಲಿ ಈಗಲೂ 40ರ ಆಸುಪಾಸು ಪ್ರಭೇದಗಳಿವೆ. ಹುಲ್ಲು ಗಿಡ್ಡ, ಹೂವು ಹೇರಳ. ಸಾರಜನಕ ಕೊಡದೆ ರಂಜಕ, ಪೊಟ್ಯಾಷ್ ಕೊಟ್ಟಲ್ಲಿ ಕ್ಲೋವರಿನಂಥ ದ್ವಿದಳ ಸಸ್ಯಗಳು ಸೊಕ್ಕಿ ಬೆಳೆಯುತ್ತವೆ. ಅವು ಗಾಳಿಯ ಸಾರಜನಕವನ್ನು ಬೇರಿನ ಗಂಟಿನಲ್ಲೇ ಪಡೆದುಕೊಳ್ಳಬಲ್ಲವು. ಸುಣ್ಣವಿಲ್ಲದೆ ಅಮೋನಿಯಂ ಸಲ್ಫೇಟನ್ನೇ ಸುರಿದಲ್ಲಿ ಮಣ್ಣಿನ ಪಿಎಚ್ 4ಕ್ಕಿಂತ ಕೆಳಗಿಳಿದು, ಎರಡು ಮೂರು ಜಾತಿಯ ಹುಲ್ಲಷ್ಟೇ ಉಳಿದಿದೆ. ಅಲ್ಲಿ ಎರೆಹುಳು ಇಲ್ಲ. ಸತ್ತ ಹುಲ್ಲು ಕೊಳೆಯದೆ ನೆಲದ ಮೇಲೆ ಕಂಬಳಿಯ ಹಾಗೆ ದಪ್ಪಗೆ ಹಾಸಿಕೊಂಡಿದೆ. ಆಮ್ಲೀಯತೆಯ ಪಾತ್ರವನ್ನು ಬೇರೆಯಾಗಿ ತಿಳಿಯಲು 1903ರಿಂದ ಕೆಲವು ತಾಕುಗಳಿಗೆ ಕ್ರಮವಾಗಿ ಸುಣ್ಣ ಹಾಕತೊಡಗಿದರು.

ಆದರೆ ಹುಳಿಯಾಗದ ಮಣ್ಣಿನಲ್ಲೂ ಗೊಬ್ಬರದಿಂದ ಪ್ರಭೇದಗಳು ಅಳಿಯುವುದೇಕೆ? ಅಮೆರಿಕದ ಪರಿಸರವಿಜ್ಞಾನಿ ಡೇವಿಡ್ ಟಿಲ್ಮನ್ 1982ರ ತಮ್ಮ ಗ್ರಂಥದಲ್ಲಿ ಈ ತಾಕುಗಳ ದಾಖಲೆಯನ್ನೇ ಆಧರಿಸಿ, ಸಸ್ಯಗಳ ಪೈಪೋಟಿ ಯಾವ ಸಂಪನ್ಮೂಲ ಎಷ್ಟು ಪ್ರಮಾಣದಲ್ಲಿದೆ ಎಂಬುದನ್ನು ಅವಲಂಬಿಸಿದೆ ಎಂದು ವಾದಿಸಿದರು. ಬೇರಿಗೆ ಆಹಾರ ಧಾರಾಳವಾದಾಗ ಜಗಳ ಬೆಳಕಿಗೆ ತಿರುಗುತ್ತದೆ; ಎತ್ತರದವು ನೆರಳು ಚೆಲ್ಲಿ ಗಿಡ್ಡವನ್ನು ಕೊಲ್ಲುತ್ತವೆ. 2009ರಲ್ಲಿ ಯಾನ್ ಹೋತಿಯೇ ಮತ್ತು ಸಂಗಡಿಗರು ಗೊಬ್ಬರ ಹಾಕಿದ ಹುಲ್ಲಿನ ಬುಡದಲ್ಲಿ ದೀಪ ಉರಿಸಿದಾಗ ಪ್ರಭೇದಗಳ ನಷ್ಟ ತಪ್ಪಿತು. ಇಷ್ಟು ಸರಳವಾದ ಪರೀಕ್ಷೆಗೆ ಅಷ್ಟು ಕಾಲ ಕಾಯಬೇಕಾಯಿತೆಂಬುದೇ ಸೋಜಿಗ. ಆರು ಖಂಡಗಳ 40 ಹುಲ್ಲುಗಾವಲುಗಳ ಅಧ್ಯಯನ 2014ರಲ್ಲಿ ಇದಕ್ಕೆ ಬಲ ಕೊಟ್ಟಿತು: ಮೇಯುವ ಪ್ರಾಣಿಗಳು ನೆಲಕ್ಕೆ ಬೆಳಕು ಬೀಳುವಂತೆ ಮಾಡಿದಲ್ಲಿ ವೈವಿಧ್ಯ ಉಳಿಯುತ್ತದೆ.

ಕಳೆದುಹೋದದ್ದು ಮರಳುವುದೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಪಾರ್ಕ್ ಗ್ರಾಸ್‌ನಲ್ಲಿ 1989ರಲ್ಲಿ ಸಾರಜನಕ ನಿಲ್ಲಿಸಿದ ತಾಕುಗಳು ಚೇತರಿಸಿಕೊಂಡಿವೆ. ಆದರೆ ಅಮೆರಿಕದ ಮಿನೆಸೋಟಾದಲ್ಲಿರುವ ಸೀಡರ್ ಕ್ರೀಕ್‌ನ ಹುಲ್ಲುಗಾವಲಿನಲ್ಲಿ ಗೊಬ್ಬರ ನಿಲ್ಲಿಸಿ 20 ವರ್ಷವಾದರೂ ಪ್ರಭೇದಗಳು ಹಿಂತಿರುಗಲಿಲ್ಲ.