ಪಾರ್ಕರ್, ಐಸಾಕ್ ಚಾರ್ಲ್ಸ್

1838-1896. ಅಮೆರಿಕ ಸಂಯುಕ್ತ ಸಂಸ್ಥಾನದ ಫೆಡರಲ್ ನ್ಯಾಯಾಧೀಶ. ಅರ್ಕಾನ್ಸಾ ರಾಜ್ಯದ ಪಶ್ಚಿಮ ಜಿಲ್ಲಾ ನ್ಯಾಯಾಲಯದಲ್ಲಿ 21 ವರ್ಷ ಸೇವೆ ಸಲ್ಲಿಸಿದ. ‘ನೇಣಿನ ನ್ಯಾಯಾಧೀಶ’ ಎಂದೇ ಜನಜನಿತನಾದ.

ಒಹಾಯೊ ರಾಜ್ಯದ ಬೆಲ್ಮಾಂಟ್ ಕೌಂಟಿಯಲ್ಲಿ 1838ರ ಅಕ್ಟೋಬರ್ 15ರಂದು ಜನಿಸಿದ. 1859ರಲ್ಲಿ ವಕೀಲನಾಗಿ ಮಿಸ್ಸೂರಿಯ ಸೇಂಟ್ ಜೋಸೆಫ್ ಪಟ್ಟಣಕ್ಕೆ ಬಂದು ನೆಲೆಸಿದ. 1861ರಲ್ಲಿ ಮೇರಿ ಓಟೂಲ್‌ಳನ್ನು ಮದುವೆಯಾದ. ನಗರದ ಸರ್ಕಾರಿ ವಕೀಲನಾಗಿ, ಬಳಿಕ ರಾಜ್ಯದ ನ್ಯಾಯಾಧೀಶನಾಗಿ ಕೆಲಸ ಮಾಡಿ, 1871ರಿಂದ 1875ರ ವರೆಗೆ ರಿಪಬ್ಲಿಕನ್ ಪಕ್ಷದಿಂದ ಪ್ರತಿನಿಧಿ ಸಭೆಯ ಸದಸ್ಯನಾಗಿದ್ದ. 1875ರಲ್ಲಿ ಅಧ್ಯಕ್ಷ ಗ್ರಾಂಟ್ ಈತನನ್ನು ಫೋರ್ಟ್ ಸ್ಮಿತ್‌ನಲ್ಲಿದ್ದ ಆ ಜಿಲ್ಲಾ ನ್ಯಾಯಾಲಯಕ್ಕೆ ನೇಮಿಸಿದ. ಲಂಚದ ಆರೋಪ ಹೊತ್ತು ಹಿಂದಿನ ನ್ಯಾಯಾಧೀಶ ರಾಜೀನಾಮೆ ಕೊಟ್ಟಿದ್ದರಿಂದ ನ್ಯಾಯಾಲಯದ ಮೇಲೆ ಜನರಿಗೆ ನಂಬಿಕೆ ಉಳಿದಿರಲಿಲ್ಲ.

ಪಕ್ಕದ ಇಂಡಿಯನ್ ಟೆರಿಟರಿಯೂ ಈ ನ್ಯಾಯಾಲಯದ ವ್ಯಾಪ್ತಿಗೆ ಸೇರಿತ್ತು. ಅಲ್ಲಿದ್ದ ಚೆರೊಕೀ, ಚೊಕ್ಟಾ, ಚಿಕಸಾ, ಕ್ರೀಕ್, ಸೆಮಿನೋಲ್ ಜನಾಂಗಗಳಿಗೆ ತಮ್ಮವೇ ನ್ಯಾಯಾಲಯಗಳಿದ್ದವು. ಆದರೆ ಹೊರಗಿನಿಂದ ಬಂದ ಬಿಳಿಯರನ್ನು ವಿಚಾರಿಸುವ ಅಧಿಕಾರ ಅವುಗಳಿಗಿರಲಿಲ್ಲ. ಇದರಿಂದ ಆ ಪ್ರದೇಶ ತಲೆಮರೆಸಿಕೊಂಡವರ ಆಶ್ರಯವಾಗಿತ್ತು. ಅವರನ್ನು ಹಿಡಿದು ತರಲು ಹೋದ ಅನೇಕ ಡೆಪ್ಯುಟಿ ಮಾರ್ಷಲ್‌ಗಳು ಪ್ರಾಣ ಕಳೆದುಕೊಂಡರು. ಗುಲಾಮಗಿರಿಯಲ್ಲಿ ಹುಟ್ಟಿ ಹೆಸರಾಂತ ಅಧಿಕಾರಿಯಾದ ಬ್ಯಾಸ್ ರೀವ್ಸ್ ಈ ಪಡೆಯಲ್ಲಿದ್ದ.

1875ರ ಸೆಪ್ಟೆಂಬರ್ 3ರಂದು ಆರು ಮಂದಿಯನ್ನು ಒಟ್ಟಿಗೆ ಗಲ್ಲಿಗೇರಿಸಿದ್ದು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಪಾರ್ಕರ್‌ನ ಅವಧಿಯಲ್ಲಿ 13,490 ಪ್ರಕರಣಗಳು ವಿಚಾರಣೆಗೆ ಬಂದವು. 160 ಮಂದಿಗೆ ಮರಣದಂಡನೆ ವಿಧಿಸಲಾಯಿತು. ಅವರಲ್ಲಿ ನೇಣಿಗೇರಿದವರು 79 ಮಂದಿ. ಈ ಸಂಖ್ಯೆಗಳನ್ನು ಒಬ್ಬ ವ್ಯಕ್ತಿಯ ಕ್ರೌರ್ಯದ ಲೆಕ್ಕವೆಂದು ಓದುವುದು ಸರಿಯಲ್ಲ. ಕೊಲೆ, ಅತ್ಯಾಚಾರ ಸಾಬೀತಾದರೆ ಮರಣದಂಡನೆಯನ್ನೇ ವಿಧಿಸಬೇಕೆಂದು ಅಂದಿನ ಫೆಡರಲ್ ಕಾನೂನು ಹೇಳುತ್ತಿತ್ತು. ಅಪರಾಧಿಯೋ ಅಲ್ಲವೋ ಎಂಬುದನ್ನು ತೀರ್ಮಾನಿಸುತ್ತಿದ್ದುದು ಜ್ಯೂರಿ.

ನಿಜವಾದ ಕೊರತೆ ವ್ಯವಸ್ಥೆಯಲ್ಲಿತ್ತು. 1889ರ ವರೆಗೆ ಇಲ್ಲಿ ಮರಣದಂಡನೆಗೆ ಗುರಿಯಾದವರಿಗೆ ಮೇಲ್ಮನವಿಯ ಹಕ್ಕೇ ಇರಲಿಲ್ಲ. ಅಧ್ಯಕ್ಷರ ಕ್ಷಮಾದಾನವೊಂದೇ ದಾರಿಯಾಗಿತ್ತು. ಆ ವರ್ಷ ಸುಪ್ರೀಂ ಕೋರ್ಟಿನ ಬಾಗಿಲು ತೆರೆದ ಮೇಲೆ ಅಲ್ಲಿಗೆ ಹೋದ ಪ್ರಕರಣಗಳಲ್ಲಿ ಬಹುಪಾಲು ರದ್ದಾದವು. ಜ್ಯೂರಿಗೆ ಪಾರ್ಕರ್ ಕೊಡುತ್ತಿದ್ದ ದೀರ್ಘ ಸೂಚನೆಗಳು ಆರೋಪಿಯ ವಿರುದ್ಧ ವಾಲಿರುತ್ತವೆ ಎಂಬುದು ಮುಖ್ಯ ಆಕ್ಷೇಪವಾಗಿತ್ತು. ಪಾರ್ಕರ್ ಇದನ್ನು ಒಪ್ಪಲಿಲ್ಲ. ಮೇಲಿನ ನ್ಯಾಯಾಲಯವನ್ನು ಬಹಿರಂಗವಾಗಿಯೇ ಟೀಕಿಸಿದ. ಹದಿನಾಲ್ಕು ವರ್ಷ ಯಾವ ಮೇಲಿನ ನ್ಯಾಯಾಲಯದ ಪರಿಶೀಲನೆಯೂ ಇಲ್ಲದೆ ಜೀವ ಮರಣಗಳ ಮಾತು ಮುಗಿದುಹೋಗುತ್ತಿತ್ತೆಂಬುದೇ ಈ ನ್ಯಾಯಾಲಯದ ಇತಿಹಾಸ ಕಲಿಸುವ ದೊಡ್ಡ ಪಾಠ.

ಮೂಲನಿವಾಸಿಗಳ ನೆಲದ ಹಕ್ಕನ್ನು ಪಾರ್ಕರ್ ಎತ್ತಿಹಿಡಿದ. ಅವರ ಭೂಮಿಯಲ್ಲಿ ಅಕ್ರಮವಾಗಿ ನೆಲೆಯೂರಲು ಜನರನ್ನು ಕರೆದೊಯ್ದ ಡೇವಿಡ್ ಪೇನ್‌ಗೆ 1881ರಲ್ಲಿ 1,000 ಡಾಲರ್ ದಂಡ ವಿಧಿಸಿದ.

1896ರ ಸೆಪ್ಟೆಂಬರ್ 1ರಂದು ಇಂಡಿಯನ್ ಟೆರಿಟರಿಯ ಮೇಲಿನ ಅಧಿಕಾರ ಈ ನ್ಯಾಯಾಲಯದ ಕೈತಪ್ಪಿತು. ಅದೇ ವರ್ಷ ನವೆಂಬರ್ 17ರಂದು ಪಾರ್ಕರ್ ನಿಧನನಾದ. ಈತನ ನ್ಯಾಯಾಲಯದಿಂದ ಮೇಲ್ಮನವಿಗೆ ಹೋಗಿದ್ದ ಅಲೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಡಿಸೆಂಬರ್‌ನಲ್ಲಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಒಮ್ಮತಕ್ಕೆ ಬಾರದ ಜ್ಯೂರಿಗೆ ನ್ಯಾಯಾಧೀಶ ನೀಡುವ ಹೆಚ್ಚುವರಿ ಸೂಚನೆಯನ್ನು ಅಮೆರಿಕದ ವಕೀಲರು ಇಂದಿಗೂ ಆ ಪ್ರಕರಣದ ಹೆಸರಿನಿಂದಲೇ ಗುರುತಿಸುತ್ತಾರೆ. ಪಾರ್ಕರ್ ಕುಳಿತಿದ್ದ ಹಳೆಯ ನ್ಯಾಯಾಲಯದ ಕಟ್ಟಡ ಈಗ ಫೋರ್ಟ್ ಸ್ಮಿತ್ ರಾಷ್ಟ್ರೀಯ ಐತಿಹಾಸಿಕ ತಾಣದ ಭಾಗವಾಗಿದೆ.