ಕೊನೆಯ ಸುತ್ತಿನ ಆಟಗಾರರು: ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಸಂಭವನೀಯತೆಯ ಲೆಕ್ಕ

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ತಂಡಗಳು ವರ್ಷಕ್ಕೊಮ್ಮೆ ಸೇರಿ, ಹದಿನೆಂಟರ ಆಸುಪಾಸಿನ ಆಟಗಾರರ ಮೇಲಿನ ಹಕ್ಕನ್ನು ಸರದಿಯಂತೆ ಹಂಚಿಕೊಳ್ಳುತ್ತವೆ. 1963ರಲ್ಲಿ ಮಾಂಟ್ರಿಯಲ್‌ನಲ್ಲಿ ಶುರುವಾದ ಈ ಡ್ರಾಫ್ಟ್‌ಗೆ 2005ರಿಂದ ಏಳು ಸುತ್ತುಗಳು. ಕೊನೆಯ ಸುತ್ತುಗಳಲ್ಲಿ ಆಯ್ಕೆಯಾದವರ ಪೈಕಿ ಎಷ್ಟು ಮಂದಿ ಲೀಗಿನಲ್ಲಿ ನೆಲೆ ನಿಲ್ಲುತ್ತಾರೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ ಒಂದು ಶೇಕಡಾವಾರು. ಆ ಸರಾಸರಿ ಸುಳ್ಳಲ್ಲ, ಆದರೆ ಬೇರೆ ಬೇರೆ ಬಗೆಯ ಆಟಗಾರರನ್ನು ಅದು ಒಂದೇ ರಾಶಿಗೆ ಹಾಕುತ್ತದೆ. ಕೊನೆಯ ಸುತ್ತಿನ ಆಟಗಾರನ ಅವಕಾಶವನ್ನು ಅಳೆಯಲು ಅವನು ಎಷ್ಟನೆಯವನಾಗಿ ಆಯ್ಕೆಯಾದ ಎಂಬುದಕ್ಕಿಂತ, ಅಲ್ಲಿಯವರೆಗೆ ಯಾವ ಕಾರಣಕ್ಕೆ ಉಳಿದುಕೊಂಡ ಎಂಬುದು ಮುಖ್ಯ ಎಂದು ಈ ಲೇಖನ ವಾದಿಸುತ್ತದೆ.

ಅವಕಾಶ ಕಡಿಮೆಯಾಗಿರುವುದರ ಹಿಂದೆ ಮೊದಲು ಕಾಣುವುದು ಜಾಗದ ಕೊರತೆ. 32 ತಂಡಗಳು ಏಳು ಸುತ್ತುಗಳಲ್ಲಿ ವರ್ಷಕ್ಕೆ 224 ಆಟಗಾರರನ್ನು ಆರಿಸುತ್ತವೆ. ತಂಡಕ್ಕೆ 23 ಮಂದಿಯಂತೆ ಲೀಗಿನಲ್ಲಿರುವುದು 736 ಸ್ಥಾನಗಳು. ಒಬ್ಬ ಆಟಗಾರ ಸರಾಸರಿ ಏಳು ವರ್ಷ ಆಡುತ್ತಾನೆಂದು ಇಟ್ಟುಕೊಂಡರೂ ವರ್ಷಕ್ಕೆ ತೆರವಾಗುವುದು ನೂರೈದರಷ್ಟು ಮಾತ್ರ. ಪ್ರತಿಭೆ ಎಷ್ಟೇ ಇರಲಿ, ಆಯ್ಕೆಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಲ್ಲಿ ಜಾಗವೇ ಇಲ್ಲ. ಇನ್ನೊಂದು ತೊಡಕು ಅಳತೆಗೋಲಿನದು. 1984ರಲ್ಲಿ ಲೂಕ್ ರೋಬಿಟೈಲ್ ಮತ್ತು 1998ರಲ್ಲಿ ಪಾವೆಲ್ ದಾತ್ಸುಕ್ ಇಬ್ಬರೂ 171ನೆಯವರಾಗಿ ಆಯ್ಕೆಯಾದರು. ಮೊದಲನೆಯದು ಒಂಬತ್ತನೆಯ ಸುತ್ತು, ಎರಡನೆಯದು ಆರನೆಯದು. ಲೀಗಿನಲ್ಲಿ ತಂಡಗಳ ಸಂಖ್ಯೆ ಬೆಳೆದಂತೆ ‘ಸುತ್ತು’ ಎಂಬುದರ ಅರ್ಥವೇ ಬದಲಾಗಿರುವುದರಿಂದ, ದಶಕಗಳ ಅಂಕಿಅಂಶವನ್ನು ಸುತ್ತುವಾರು ಕೂಡಿಸಿದ ಲೆಕ್ಕ ನಂಬಿಕೆಗೆ ಅರ್ಹವಲ್ಲ. ಒಟ್ಟು ಕ್ರಮಾಂಕವೇ ಸರಿಯಾದ ಮಾನ.

ಆ ಮಾನದಿಂದ ನೋಡಿದರೆ ಆಯ್ಕೆಯ ಮೌಲ್ಯ ಆರಂಭದಲ್ಲಿ ಕಡಿದಾಗಿ ಇಳಿದು, ಆಮೇಲೆ ಬಹುತೇಕ ಸಮತಟ್ಟಾಗುತ್ತದೆ. ಸಂಖ್ಯಾಶಾಸ್ತ್ರಜ್ಞ ಮೈಕೇಲ್ ಶುಕರ್ಸ್ ಆಯ್ಕೆಗಳ ಮೌಲ್ಯದ ಕುರಿತು ಮಾಡಿದ ಕೆಲಸದಲ್ಲೂ ಕಾಣುವುದು ಇದೇ ಆಕಾರ. ಮೊದಲ ಹತ್ತರೊಳಗೆ ಐದು ಸ್ಥಾನ ಹಿಂದೆ ಸರಿದರೆ ನಷ್ಟ ದೊಡ್ಡದು. 150ರಾಚೆ ಮೂವತ್ತು ಸ್ಥಾನ ಸರಿದರೂ ವ್ಯತ್ಯಾಸ ಅತ್ಯಲ್ಪ. ಅಂದರೆ ಅಲ್ಲಿ ಕ್ರಮಾಂಕ ನಮಗೆ ಹೇಳುವುದು ತೀರ ಕಡಿಮೆ. ಆ ಕೊರತೆಯನ್ನು ತುಂಬಬಲ್ಲದ್ದು ಆಟಗಾರ ಹಿಂದೆ ಉಳಿದ ಕಾರಣ.

ಕಾರಣಗಳಲ್ಲಿ ಕೆಲವಕ್ಕೂ ಆಟಕ್ಕೂ ಸಂಬಂಧವೇ ಇಲ್ಲ. 1983ರಲ್ಲಿ ಷಿಕಾಗೊ ತಂಡ ಚೆಕೊಸ್ಲೊವಾಕಿಯಾದ ಡೊಮಿನಿಕ್ ಹಾಶೆಕ್‌ನನ್ನು ಹತ್ತನೆಯ ಸುತ್ತಿನಲ್ಲಿ ಆರಿಸಿತು. ಅದೇ ವರ್ಷ ಸೋವಿಯತ್ ರಕ್ಷಕ ವ್ಯಾಚೆಸ್ಲಾವ್ ಫೆಟಿಸೊವ್ 150ನೆಯವನಾದ. ಇಬ್ಬರ ವಿಷಯದಲ್ಲೂ ಮುಖ್ಯ ಪ್ರಶ್ನೆ ಸಾಮರ್ಥ್ಯದ್ದಾಗಿರಲಿಲ್ಲ. ಅನುಮಾನವಿದ್ದದ್ದು ಅವರ ದೇಶಗಳು ಅವರನ್ನು ಹೊರಗೆ ಬಿಡುತ್ತವೆಯೇ ಎಂಬುದರಲ್ಲಿ. 2015ರಲ್ಲಿ 135ನೆಯವನಾಗಿ ಆಯ್ಕೆಯಾದ ಕಿರಿಲ್ ಕಪ್ರಿಜೊವ್ ರಷ್ಯಾದ ಲೀಗಿನಲ್ಲಿ ಆಡಿ ಮುಗಿಸಿ ಮಿನೆಸೋಟಕ್ಕೆ ಬಂದದ್ದು ಐದು ವರ್ಷಗಳ ನಂತರ. ಬಂದ ಮೊದಲ ಋತುವಿನಲ್ಲೇ ವರ್ಷದ ಹೊಸ ಆಟಗಾರನ ಪ್ರಶಸ್ತಿ ಪಡೆದ. ಇನ್ನು ಕೆಲವು ಕಾರಣಗಳು ದೇಹಕ್ಕೆ ಸೇರಿದವು. ಕುಳ್ಳನೆಂಬ ಕಾರಣಕ್ಕೆ ಹಿಂದೆ ಬಿದ್ದ ಥಿಯೊ ಫ್ಲೂರಿ 1987ರಲ್ಲಿ 166ನೆಯವನಾಗಿದ್ದ. ಮುಂದೆ ಅವನು 1,084 ಪಂದ್ಯಗಳಲ್ಲಿ 1,088 ಅಂಕ ಗಳಿಸಿದ. ಹುಟ್ಟಿದ ತಿಂಗಳೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕೆನಡಾದ ಮಕ್ಕಳ ಹಾಕಿಯಲ್ಲಿ ವಯೋಗುಂಪುಗಳನ್ನು ಜನವರಿ 1ರಿಂದ ವಿಂಗಡಿಸುವುದರಿಂದ ವರ್ಷದ ಕೊನೆಯಲ್ಲಿ ಹುಟ್ಟಿದವರು ತಮ್ಮ ಗುಂಪಿನಲ್ಲಿ ಸದಾ ಕಿರಿಯರು. ಡೀನರ್, ಲೋವೆನ್ ಮತ್ತು ಕಾಬ್ಲಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಕ್ರಮಾಂಕದಲ್ಲಿ ಆಯ್ಕೆಯಾದ ಕೆನಡಿಯನ್ನರಲ್ಲಿ 400 ಪಂದ್ಯಗಳಂಥ ಗುರಿ ಮುಟ್ಟುವ ಸಾಧ್ಯತೆ ಈ ಕಿರಿಯರಿಗೆ ಸುಮಾರು ಎರಡು ಪಟ್ಟು.

ಇದಕ್ಕೆ ಬರಬಹುದಾದ ಮೊದಲ ಆಕ್ಷೇಪ ಗಟ್ಟಿಯಾದದ್ದೇ: ಗೆದ್ದವರ ಹೆಸರು ಮಾತ್ರ ಹೆಕ್ಕಿದರೆ ಯಾವ ಕಥೆಯನ್ನಾದರೂ ಹೊಸೆಯಬಹುದು. ದಾತ್ಸುಕ್‌ನನ್ನು ಆರಿಸಿದ ಡೆಟ್ರಾಯಿಟ್ ತಂಡ 1999ರಲ್ಲಿ 210ನೆಯವನಾಗಿ ಹೆನ್ರಿಕ್ ಜೆಟ್ಟರ್‌ಬರ್ಗ್‌ನನ್ನೂ ಪಡೆಯಿತು. ಅದು ಸ್ಕೌಟ್‌ಗಳ ಚಾಣಾಕ್ಷತೆ ಎಂದು ಹೊಗಳುವವರಿದ್ದಾರೆ. ಆದರೆ ಅದೇ ತಂಡ ಎರಡೂ ವರ್ಷ ಇವರಿಗಿಂತ ಮುಂಚೆ ಬೇರೆಯವರನ್ನು ಕರೆದಿತ್ತು. ಮೌಲ್ಯ ನಿಜವಾಗಿ ತಿಳಿದಿದ್ದರೆ ಅಷ್ಟು ಕಾಯುವ ಅಪಾಯಕ್ಕೆ ಯಾರೂ ಕೈಹಾಕುವುದಿಲ್ಲ. ಅದೃಷ್ಟದ ಪಾಲನ್ನು ಒಪ್ಪಲೇಬೇಕು. ಅದನ್ನು ಒಪ್ಪಿದರೂ ವಾದ ಕುಸಿಯುವುದಿಲ್ಲ, ಏಕೆಂದರೆ ಹುಟ್ಟಿದ ತಿಂಗಳ ಅಧ್ಯಯನ ನಿಂತಿರುವುದು ಬಿಡಿ ಹೆಸರುಗಳ ಮೇಲಲ್ಲ, ಆಯ್ಕೆಯಾದವರ ಇಡೀ ಸಮೂಹದ ಮೇಲೆ. ಇನ್ನೊಂದು ಆಕ್ಷೇಪ: ಮೊದಲ ಸುತ್ತಿನವರಿಗೆ ತಂಡಗಳು ಹೆಚ್ಚು ತಾಳ್ಮೆ ತೋರುವುದರಿಂದ ಆಡಿದ ಪಂದ್ಯಗಳ ಸಂಖ್ಯೆ ಸಾಮರ್ಥ್ಯದ ಶುದ್ಧ ಅಳತೆಯಲ್ಲ. ಇದು ನಿಜವಾದರೆ ಕೊನೆಯ ಸುತ್ತಿನವರ ದಾಖಲೆ ಅವರ ಯೋಗ್ಯತೆಗಿಂತ ಕೆಳಗಿದೆ ಎಂದಾಗುತ್ತದೆ. 2000ದ ಡ್ರಾಫ್ಟ್‌ನಲ್ಲಿ ಮೊದಲನೆಯವನಾದ ಗೋಲಿ ರಿಕ್ ಡಿಪಿಯೆಟ್ರೊ 318 ಪಂದ್ಯ ಆಡಿದರೆ, 205ನೆಯವನಾದ ಗೋಲಿ ಹೆನ್ರಿಕ್ ಲುಂಡ್‌ಕ್ವಿಸ್ಟ್ 887 ಪಂದ್ಯ ಆಡಿ 459 ಗೆದ್ದ. ಗಾಯಗಳು ಡಿಪಿಯೆಟ್ರೊನ ಆಟವನ್ನು ಮೊಟಕುಗೊಳಿಸಿದ್ದು ನಿಜ. ಆದರೂ ಹದಿನೆಂಟರಲ್ಲಿ ಗೋಲಿಗಳನ್ನು ಅಳೆಯುವುದು ಎಷ್ಟು ಕಷ್ಟ ಎಂಬುದಕ್ಕೆ ಈ ಜೋಡಿ ಸಾಕ್ಷಿ.

ಹಾಗಾಗಿ ಸಂಶೋಧಕರು ಆಯ್ಕೆಯ ದಿನವೇ ಕಾರಣವನ್ನು ವರ್ಗೀಕರಿಸಿ ದಾಖಲಿಸಬೇಕು: ಒಪ್ಪಂದದ ತೊಡಕು, ಎತ್ತರ, ಹುಟ್ಟಿದ ತಿಂಗಳು, ಗೋಲಿಯ ಸ್ಥಾನ, ಅಥವಾ ಆಟದಲ್ಲೇ ಕಂಡ ಕೊರತೆ. ಫಲಿತಾಂಶ ತಿಳಿದ ಮೇಲೆ ಕಾರಣ ಹುಡುಕಿದರೆ ಮೊದಲ ಆಕ್ಷೇಪ ಮತ್ತೆ ಎದುರಾಗುತ್ತದೆ. ತಂಡಗಳ ಮಟ್ಟಿಗೆ ಹೇಳುವುದಾದರೆ, ಎರಡು ತಡವಾದ ಆಯ್ಕೆಗಳನ್ನು ಕೊಟ್ಟು ತುಸು ಮೇಲಿನ ಒಂದನ್ನು ಕೊಳ್ಳುವುದು ಸಮತಟ್ಟಾದ ರೇಖೆಯ ಮೇಲೆ ನಷ್ಟದ ವ್ಯಾಪಾರ. ಆ ಎರಡನ್ನೂ ಉಳಿಸಿಕೊಂಡು, ಆಟದ ಹೊರಗಿನ ಕಾರಣಕ್ಕೆ ಹಿಂದೆ ಬಿದ್ದವರ ಮೇಲೆ ಖರ್ಚು ಮಾಡುವುದೇ ಲೇಸು.